ಯುಡಿ ಕಾರ್ಬನ್ ಸ್ಪೆಸಿಮೆನ್ ಟ್ಯಾಬ್ ಅಂಚಿನಲ್ಲೇ ಮುರಿಯುತ್ತಿದೆ: ಟೆನ್ಸೈಲ್ ಟೆಸ್ಟ್‌ಗೆ ಅಳತೆ ಹೇಗೆ ನಿರ್ಧರಿಸಬೇಕು?

ಪದರ16 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಟಿ700 ಕಾರ್ಬನ್–ಎಪಾಕ್ಸಿ ಪ್ರಿಪ್ರೆಗ್‌ನ (ರೆಸಿನ್ ಮೊದಲೇ ತುಂಬಿದ ಫೈಬರ್ ಹಾಳೆ) ಟೆನ್ಸೈಲ್ ಸ್ಟ್ರೆಂತ್ (ಎಳೆತ ತಾಳುವ ಶಕ್ತಿ) ಮತ್ತು ಮಾಡ್ಯುಲಸ್ (ಹಿಗ್ಗದಿರುವ ಬಿಗಿತ) ಬೇಕಾಗಿದೆ. ಒಂದು ಪದರದ ದಪ್ಪ 0.125 ಮಿ.ಮೀ., ಒಟ್ಟು 16 ಪದರ, ಎಲ್ಲವೂ 0° ದಿಕ್ಕಿನಲ್ಲಿ, ಅಂದರೆ ಫೈಬರ್ ಎಲ್ಲ ಎಳೆಯುವ ದಿಕ್ಕಿಗೇ (ಯುಡಿ, ಯುನಿಡೈರೆಕ್ಷನಲ್). ಆಟೊಕ್ಲೇವ್‌ನಿಂದ (ಒತ್ತಡದ ಓವನ್) ಬಂದ ಪ್ಯಾನೆಲ್ 2 ಮಿ.ಮೀ. ದಪ್ಪ ಇದೆ. ಅದರಿಂದ 25 ಮಿ.ಮೀ. ಅಗಲ, 250 ಮಿ.ಮೀ. ಉದ್ದದ ಪಟ್ಟಿ ಕತ್ತರಿಸಿ, ಎರಡೂ ತುದಿಗೆ 50 ಮಿ.ಮೀ. ಉದ್ದ, 1.5 ಮಿ.ಮೀ. ದಪ್ಪದ ಗ್ಲಾಸ್–ಎಪಾಕ್ಸಿ ಟ್ಯಾಬ್ (ಗ್ರಿಪ್ ಹಿಡಿಯುವ ಜಾಗದ ರಕ್ಷಣಾ ತುಂಡು) ಅಂಟಿಸಲಾಗಿದೆ. ಪೇಸ್ಟ್ ಎಪಾಕ್ಸಿ ಅಂಟು. ಡೇಟಾಶೀಟ್ ಪ್ರಕಾರ ಲ್ಯಾಪ್ ಶಿಯರ್ (ಅಂಟು ಪಕ್ಕಕ್ಕೆ ಜಾರದೆ ತಾಳುವ ಶಕ್ತಿ) 25ರಿಂದ 28 ಮೆಗಾಪಾಸ್ಕಲ್. ಯಂತ್ರ 100 ಕಿಲೋನ್ಯೂಟನ್‌ನದು, ಹೈಡ್ರಾಲಿಕ್ ವೆಜ್ ಗ್ರಿಪ್, ವೇಗ ನಿಮಿಷಕ್ಕೆ 2 ಮಿ.ಮೀ.

ಕೆಲವು ಸ್ಪೆಸಿಮೆನ್‌ಗಳಲ್ಲಿ 70 ಕಿಲೋನ್ಯೂಟನ್ ಆಸುಪಾಸಿನಲ್ಲಿ ಟ್ಯಾಬ್ ಕಿತ್ತುಬರುತ್ತಿದೆ. ಟ್ಯಾಬ್ ನಿಂತರೆ 80–85ರ ಹೊತ್ತಿಗೆ ಟ್ಯಾಬ್ ಅಂಚಿನಲ್ಲೋ ಒಳಗೋ ಮುರಿಯುತ್ತಿದೆ. ಅಂದರೆ 1600–1700 ಮೆಗಾಪಾಸ್ಕಲ್. ಫೈಬರ್ ತಯಾರಕರ ಪಟ್ಟಿಯಲ್ಲಿ ಶೇ. 60 ಫೈಬರ್ ಪ್ರಮಾಣಕ್ಕೆ 2550 ಎಂದಿದೆ.

ನನ್ನ ಪ್ರಶ್ನೆಗಳು: ಲೋಹಕ್ಕೆ ಮಾಡುವಂತೆ ನಡು ಸಣ್ಣ ಮಾಡಿ ಡಾಗ್‌ಬೋನ್ ಆಕಾರ ಕೊಟ್ಟರೆ ಮುರಿತ ನಡುವಿಗೆ ಬರುತ್ತದೆಯೇ? ಟ್ಯಾಬ್ ಉದ್ದ ಮಾಡಬೇಕೇ, ಅಂಟು ಬದಲಿಸಬೇಕೇ, ಅಲ್ಯೂಮಿನಿಯಂ ಟ್ಯಾಬ್ ಹಾಕಬೇಕೇ? ಮುಂದೆ 90° ಮತ್ತು ಕ್ವಾಸಿ-ಐಸೊಟ್ರೋಪಿಕ್ (ಹಲವು ಕೋನಗಳ ಪದರ ಸೇರಿಸಿದ) ಲ್ಯಾಮಿನೇಟ್ ಕೂಡ ಪರೀಕ್ಷಿಸುವುದಿದೆ. ಎಲ್ಲದಕ್ಕೂ ಇದೇ ಅಳತೆ ನಡೆಯುತ್ತದೆಯೇ?

ಲೋಡ್‌ಸೆಲ್ ಉತ್ತರಿಸಿದ್ದು:

ಅಂಟಿಗೂ ಟ್ಯಾಬಿಗೂ ಕೈಹಾಕುವ ಮೊದಲು ದಪ್ಪ ನೋಡಿ. ನಿಮ್ಮ ತೊಂದರೆ ಅಲ್ಲೇ ಇದೆ.

2550 ಮೆಗಾಪಾಸ್ಕಲ್ ನಿಜವಾಗಿ ಬರಬೇಕಾದರೆ 25 × 2 ಅಡ್ಡಕೊಯ್ತಕ್ಕೆ 127.5 ಕಿಲೋನ್ಯೂಟನ್ ಬೇಕು. ನಿಮ್ಮ ಯಂತ್ರ 100ಕ್ಕೇ ನಿಲ್ಲುತ್ತದೆ. ಟ್ಯಾಬ್ ಎಷ್ಟೇ ಗಟ್ಟಿಯಾಗಿದ್ದರೂ ಈ ಸ್ಪೆಸಿಮೆನ್ ನಿಮ್ಮಲ್ಲಿ ನ್ಯಾಯವಾಗಿ ಮುರಿಯುವಂತಿಲ್ಲ.

ಎರಡನೆಯ ಲೆಕ್ಕ ಇನ್ನೂ ಮುಖ್ಯ. ಲೋಡ್ ಸ್ಪೆಸಿಮೆನ್ ಒಳಗೆ ಹೋಗುವುದು ಎರಡು ಮುಖಗಳ ಅಂಟಿನ ಶಿಯರ್ ಮೂಲಕ. ಬೇಕಾಗುವ ಟ್ಯಾಬ್ ಉದ್ದ = ಟೆನ್ಸೈಲ್ ಸ್ಟ್ರೆಂತ್ × ದಪ್ಪ ÷ (2 × ಅಂಟಿನ ಶಿಯರ್ ಸ್ಟ್ರೆಂತ್). ಈ ಸೂತ್ರದಲ್ಲಿ ಅಗಲದ ಸುಳಿವೇ ಇಲ್ಲ, ಏಕೆಂದರೆ ಅಗಲ ಹೆಚ್ಚಿದರೆ ಲೋಡ್ ಮತ್ತು ಅಂಟಿನ ವಿಸ್ತೀರ್ಣ ಎರಡೂ ಒಟ್ಟಿಗೆ ಹೆಚ್ಚುತ್ತವೆ. ದಪ್ಪ ಹೆಚ್ಚಿದರೆ ಲೋಡ್ ಮಾತ್ರ ಏರುತ್ತದೆ, ಅಂಟಿನ ಜಾಗ ಇದ್ದಷ್ಟೇ ಇರುತ್ತದೆ. ನಿಮ್ಮ 2 ಮಿ.ಮೀ.ಗೆ: 2550 × 2 ÷ (2 × 25) = 102 ಮಿ.ಮೀ. ಟ್ಯಾಬ್. 250 ಮಿ.ಮೀ. ಪಟ್ಟಿಯಲ್ಲಿ ಎರಡು ತುದಿಗೂ 102 ಕೊಟ್ಟರೆ ನಡುವೆ ಉಳಿಯುವುದು 46. ಅದೇ 1 ಮಿ.ಮೀ. ದಪ್ಪಕ್ಕೆ 51 ಸಾಕು. ನಿಮ್ಮ ಟ್ಯಾಬ್ 70 ಕಿಲೋನ್ಯೂಟನ್‌ಗೆ ಕಿತ್ತುಬಂದಾಗ ಅಂಟಿನ ಮೇಲಿದ್ದ ಸರಾಸರಿ ಶಿಯರ್: 70,000 ÷ (2 × 50 × 25) = 28 ಮೆಗಾಪಾಸ್ಕಲ್. ಡೇಟಾಶೀಟ್ ಹೇಳಿದಷ್ಟನ್ನೂ ಅಂಟು ಕೊಟ್ಟಿದೆ, ಅದರ ತಪ್ಪೇನೂ ಇಲ್ಲ.

ಇದು ಸರಾಸರಿಯ ಲೆಕ್ಕ. ವಾಸ್ತವದಲ್ಲಿ ಶಿಯರ್ ಟ್ಯಾಬ್‌ನ ತುದಿಗಳಲ್ಲಿ ಗುಡ್ಡೆಯಾಗುತ್ತದೆ, ಇನ್ನೊಂದು ಕಡೆ ಗ್ರಿಪ್‌ನ ಒತ್ತುವಿಕೆ ಅಂಟಿಗೆ ನೆರವಾಗುತ್ತದೆ. ಆದ್ದರಿಂದ 51 ಬಂದರೆ 51ಕ್ಕೇ ನಿಲ್ಲಬೇಡಿ. ಈ ಪರೀಕ್ಷೆಯ ಮಾನದಂಡವಾದ ಎಎಸ್‌ಟಿಎಂ ಡಿ3039 ಯುಡಿ 0°ಗೆ ಸೂಚಿಸುವ ಅಳತೆ 15 ಮಿ.ಮೀ. ಅಗಲ, 250 ಉದ್ದ, 1 ದಪ್ಪ, ಟ್ಯಾಬ್ 56 ಉದ್ದ, 1.5 ದಪ್ಪ. ಐಎಸ್‌ಒ 527-5 ಕೂಡ 0°ಗೆ 15 × 250 × 1 ಎನ್ನುತ್ತದೆ, ಟ್ಯಾಬ್ 50. ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದು ಮೇಲಿನ ಲೆಕ್ಕ ನೋಡಿದರೆ ತಿಳಿಯುತ್ತದೆ.

ಹಾಗಾಗಿ 8 ಪದರದ ಹೊಸ ಪ್ಯಾನೆಲ್ ಹಾಕಿ. 15 × 1 × 2550 = 38.25 ಕಿಲೋನ್ಯೂಟನ್. ನಿಮ್ಮ ಯಂತ್ರಕ್ಕೆ ಹಾಯಾಗಿ ಹಿಡಿಸುತ್ತದೆ. ಟ್ಯಾಬ್‌ಗಳ ನಡುವೆ 250 − 112 = 138 ಮಿ.ಮೀ. ಉಳಿಯುತ್ತದೆ. ನಿಮಿಷಕ್ಕೆ 2 ಮಿ.ಮೀ. ವೇಗದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಶೇ. 1.45 ಸ್ಟ್ರೇನ್ (ಹಿಗ್ಗುವ ಪ್ರಮಾಣ), ಮುರಿಯುವುದು ಶೇ. 1.7ರ ಸುತ್ತ. ಒಂದರಿಂದ ಹತ್ತು ನಿಮಿಷದೊಳಗೆ ಮುರಿಯಬೇಕೆಂಬ ನಿಯಮಕ್ಕೆ ಇದು ಸರಿಹೊಂದುತ್ತದೆ.

ಡಾಗ್‌ಬೋನ್ ಬೇಡವೇ ಬೇಡ. ಭುಜ ಕತ್ತರಿಸಿದ ಜಾಗದಲ್ಲಿ ಫೈಬರ್ ತುಂಡಾಗಿರುತ್ತದೆ. ಆ ತುಂಡು ಫೈಬರ್ ಹೊತ್ತ ಲೋಡ್ ಒಳಗಿನ ಫೈಬರ್‌ಗೆ ದಾಟಬೇಕಾದರೆ ನಡುವಿನ ರೆಸಿನ್ ಶಿಯರ್‌ನಲ್ಲಿ ಹೊರಬೇಕು. ಅದಕ್ಕೆ ಅಷ್ಟು ತ್ರಾಣವಿಲ್ಲ. ಭುಜದ ಬುಡದಿಂದ ಫೈಬರ್‌ಗೆ ಸಮಾನಾಂತರವಾಗಿ ಉದ್ದಕ್ಕೆ ಸೀಳಿ, ಭುಜ ಕಳಚಿಕೊಳ್ಳುತ್ತದೆ. ಉಳಿಯುವುದು ಕೆಟ್ಟ ಅಂಚಿನ, ನೇರವಾದ ಸಣ್ಣ ಪಟ್ಟಿ. ಕತ್ತರಿಸಿದ ಚಿಕ್ಕ ಫೈಬರ್ ತುಂಬಿದ ಮೋಲ್ಡಿಂಗ್ ಪ್ಲಾಸ್ಟಿಕ್‌ಗಳಿಗೆ ಆ ಆಕಾರ ಸರಿ, ಯುಡಿಗೆ ಅಲ್ಲ.

ಅಂಟುಗೆರೆ ಉತ್ತರಿಸಿದ್ದು:

ದಪ್ಪದ ವಿಷಯದಲ್ಲಿ ಮೇಲಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಟ್ಯಾಬ್ ಬಗ್ಗೆ ಬರೆಯುತ್ತೇನೆ.

ಅಲ್ಯೂಮಿನಿಯಂ ಬೇಡ. ಟ್ಯಾಬ್ ಗಡುಸಾದಷ್ಟೂ ಅದು ಮುಗಿಯುವ ಗೆರೆಯಲ್ಲಿ ಸ್ಟ್ರೆಸ್ ಥಟ್ಟನೆ ಏರುತ್ತದೆ. ಜೊತೆಗೆ ಬಿಸಿಯಲ್ಲಿ ಕ್ಯೂರ್ ಆಗುವ (ಗಟ್ಟಿಯಾಗುವ) ಅಂಟು ಹಾಕಿದರೆ, ತಣ್ಣಗಾಗುವಾಗ ಅಲ್ಯೂಮಿನಿಯಂ ಕುಗ್ಗುತ್ತದೆ, ಕಾರ್ಬನ್ ಫೈಬರ್ ದಿಕ್ಕಿನಲ್ಲಿ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಲೋಡ್ ಹಾಕುವ ಮೊದಲೇ ಅಂಟಿನಲ್ಲಿ ಸ್ಟ್ರೆಸ್ ಕೂತಿರುತ್ತದೆ. ಗ್ಲಾಸ್ ಬಟ್ಟೆ–ಎಪಾಕ್ಸಿ ಲ್ಯಾಮಿನೇಟನ್ನು ಫೈಬರ್ ±45° ಬರುವಂತೆ ಕತ್ತರಿಸಿ. ಉದ್ದಕ್ಕೆ ಮೆದು, ಆದರೆ ಗ್ರಿಪ್‌ನ ಹಲ್ಲನ್ನು ತಡೆಯುವಷ್ಟು ಗಟ್ಟಿ. ನಿಮ್ಮ ಈಗಿನ ಗ್ಲಾಸ್ ಟ್ಯಾಬ್ 0/90 ದಿಕ್ಕಿನಲ್ಲಿ ಕತ್ತರಿಸಿದ್ದಾಗಿದ್ದರೆ, ಅದೇ ಹಾಳೆಯನ್ನು 45° ತಿರುಗಿಸಿ ಕತ್ತರಿಸಿದರೂ ಅಂಚಿನ ಮುರಿತ ಕಡಿಮೆಯಾಗುತ್ತದೆ.

ಒಂದೊಂದೇ ಪಟ್ಟಿಗೆ ಒಂದೊಂದೇ ಟ್ಯಾಬ್ ಅಂಟಿಸುವ ಕ್ರಮ ಬಿಡಿ. ಪ್ಯಾನೆಲ್ ಇಡಿಯಾಗಿರುವಾಗಲೇ ಎರಡೂ ಮುಖಕ್ಕೆ, ಎರಡೂ ತುದಿಗೆ ಉದ್ದನೆಯ ಟ್ಯಾಬ್ ಪಟ್ಟಿ ಅಂಟಿಸಿ, ಕ್ಯೂರ್ ಆದ ಮೇಲೆ ಒಟ್ಟಿಗೆ ಕತ್ತರಿಸಿ. ಟ್ಯಾಬ್‌ನ ಅಗಲ ಸ್ಪೆಸಿಮೆನ್‌ನಷ್ಟೇ ಬರುತ್ತದೆ, ಮುಂದಿನ–ಹಿಂದಿನ ಟ್ಯಾಬ್ ಒಂದೇ ಗೆರೆಯಲ್ಲಿ ಮುಗಿಯುತ್ತದೆ. ಮುಂದಿನದು 2 ಮಿ.ಮೀ. ಮುಂಚೆ ಮುಗಿದು ಹಿಂದಿನದು ಆಮೇಲೆ ಮುಗಿದರೆ, ಆ 2 ಮಿ.ಮೀ.ನಲ್ಲಿ ಸ್ಪೆಸಿಮೆನ್ ಬಾಗುತ್ತದೆ, ಮುರಿತಕ್ಕೆ ಅದೇ ಆಹ್ವಾನ.

ಅಂಟಿಸುವ ಮುಖವನ್ನು 180–220 ನಂಬರ್ ಎಮೆರಿಯಿಂದ ಹೊಳಪು ಹೋಗುವವರೆಗೆ ಮಾತ್ರ ಉಜ್ಜಿ. ಧೂಳು ಬೂದು ಬಣ್ಣದಿಂದ ಕಪ್ಪಿಗೆ ತಿರುಗಿತೆಂದರೆ ಫೈಬರ್ ಸವೆಯತೊಡಗಿದೆ, ಅಲ್ಲೇ ಕೈ ಎತ್ತಿ. 1 ಮಿ.ಮೀ. ಸ್ಪೆಸಿಮೆನ್‌ನಲ್ಲಿ ಹೊರಪದರ ಒಂದೊಂದೂ ಎಂಟನೆಯ ಒಂದು ಪಾಲು. ಪೀಲ್ ಪ್ಲೈ (ಕ್ಯೂರ್ ಆದ ಮೇಲೆ ಸುಲಿದು ತೆಗೆಯುವ ಬಟ್ಟೆ) ತೆಗೆದ ಮೇಲ್ಮೈಯಾದರೂ ಉಜ್ಜದೆ ಬಿಡಬೇಡಿ, ಬಿಡುಗಡೆ ಪದಾರ್ಥದ ಅಂಶ ಉಳಿದಿರಬಹುದು. ಆಮೇಲೆ ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಭಾಗ, ಕರೆ ಬರದಾಗುವವರೆಗೆ.

ಅಂಟಿನ ದಪ್ಪ 0.1ರಿಂದ 0.2 ಮಿ.ಮೀ. ಇರಲಿ, ಎಲ್ಲ ಕಡೆ ಒಂದೇ ಸಮ. ಪೇಸ್ಟ್ ಆದರೆ ಅದೇ ಗಾತ್ರದ ಗಾಜಿನ ಮಣಿ ಸ್ವಲ್ಪ ಬೆರೆಸಿ. ಫಿಲ್ಮ್ ಅಂಟು ಇನ್ನೂ ಒಳ್ಳೆಯದು, ಆದರೆ ಅದರ ಕ್ಯೂರ್ ತಾಪಮಾನ ಲ್ಯಾಮಿನೇಟಿನ ಕ್ಯೂರ್ ತಾಪಮಾನಕ್ಕಿಂತ ಕೆಳಗೇ ಇರಬೇಕು. ಟ್ಯಾಬ್‌ಗಳ ನಡುವೆ ಟೆಫ್ಲಾನ್ ಲೇಪಿಸಿದ ಪಟ್ಟಿ ಇಟ್ಟರೆ ಅಂತರವೂ ಸರಿ ಬರುತ್ತದೆ, ಹಿಂಡಿ ಬಂದ ಅಂಟು ಗೇಜ್ ಭಾಗಕ್ಕೆ (ಟ್ಯಾಬ್‌ಗಳ ನಡುವಿನ ಭಾಗ) ಹರಿಯುವುದೂ ತಪ್ಪುತ್ತದೆ. ಟ್ಯಾಬ್ ತುದಿಯಲ್ಲಿ ಸಣ್ಣ ಅಂಟಿನ ಓರೆ ಉಳಿದರೆ ಉಳಿಯಲಿ. ಅದನ್ನು ಬ್ಲೇಡಿನಿಂದ ಕೆರೆದು ತೆಗೆಯುವವರಿದ್ದಾರೆ. ಬ್ಲೇಡ್ ಹೊರಪದರದ ಫೈಬರ್ ಕಡಿಯುತ್ತದೆ, ಮುರಿತ ಸರಿಯಾಗಿ ಆ ಗೆರೆಯಲ್ಲೇ ಶುರುವಾಗುತ್ತದೆ.

ಟ್ಯಾಬ್‌ನ ತುದಿಯನ್ನೇ ಓರೆಯಾಗಿ ಇಳಿಸಬೇಕೇ ಬೇಡವೇ ಎಂಬುದರಲ್ಲಿ ನನ್ನ ಮತ: 90° ತುದಿ, ಅಂದರೆ ಓರೆಯಿಲ್ಲದ ಮೆದು ಟ್ಯಾಬ್, ಅದರ ತುದಿಯವರೆಗೂ ಗ್ರಿಪ್ ಹಿಡಿತ. ಮಾಡುವುದು ಸುಲಭ, ಎಲ್ಲ ಸ್ಪೆಸಿಮೆನ್‌ಗೂ ಒಂದೇ ಥರ ಬರುತ್ತದೆ.

ನೇರನಾರು ಉತ್ತರಿಸಿದ್ದು:

ಓರೆಯ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಇಷ್ಟು ಬಲವಾದ ಯುಡಿಗೆ 7° ಓರೆಯ ಶ್ರಮ ಸಾರ್ಥಕ. 1.5 ಮಿ.ಮೀ. ದಪ್ಪಕ್ಕೆ ಓರೆಯ ಉದ್ದ ಸುಮಾರು 12 ಮಿ.ಮೀ. ಬರುತ್ತದೆ, ಲೋಡ್ ಮೆಲ್ಲಗೆ ಇಳಿಯುತ್ತದೆ. ಆದರೆ ಓರೆಯ ತೆಳು ತುದಿ ಮೇಲಕ್ಕೆ ಸುಲಿದುಕೊಳ್ಳಲು ನೋಡುತ್ತದೆ. ಗ್ರಿಪ್ ಜಾ (ಹಿಡಿಯುವ ದವಡೆ) ಓರೆ ಶುರುವಾಗುವಲ್ಲಿಗೇ ನಿಂತರೆ ಅದನ್ನು ಅದುಮಲು ಏನೂ ಇರುವುದಿಲ್ಲ. ಜಾ ಓರೆಯ ಆರಂಭವನ್ನು ದಾಟಿ 10 ಮಿ.ಮೀ.ನಷ್ಟು ಚಾಚಿರಬೇಕು. ಹಾಗೆ ಹಿಡಿಯಲು ನಿಮ್ಮ ಗ್ರಿಪ್‌ನಲ್ಲಿ ಸಾಧ್ಯವಿಲ್ಲದಿದ್ದರೆ ಮೇಲಿನವರು ಹೇಳಿದ 90° ತುದಿಯೇ ವಾಸಿ.

ಇನ್ನು, ಈ ಚರ್ಚೆಯಲ್ಲಿ ಇನ್ನೂ ಬಾರದ ಮಾತು: ಫೈಬರ್ ದಿಕ್ಕು. ಪ್ಯಾನೆಲ್‌ನ ಅಂಚನ್ನು ಆಧಾರವಾಗಿಟ್ಟು ಕತ್ತರಿಸಿದರೆ ಒಂದು ಡಿಗ್ರಿ ವ್ಯತ್ಯಾಸ ಬರುವುದು ಏನೇನೂ ಅಪರೂಪವಲ್ಲ. 138 ಮಿ.ಮೀ. ಗೇಜ್ ಉದ್ದದಲ್ಲಿ 1° ಅಂದರೆ 2.4 ಮಿ.ಮೀ. ಪಕ್ಕಕ್ಕೆ ಸರಿಯುವಿಕೆ. 15 ಮಿ.ಮೀ. ಅಗಲದಲ್ಲಿ ಒಂದು ಟ್ಯಾಬ್‌ನಿಂದ ಹೊರಟು ಇನ್ನೊಂದು ಟ್ಯಾಬ್ ಮುಟ್ಟುವ ಫೈಬರ್ 12.6 ಮಿ.ಮೀ.ನಷ್ಟು ಮಾತ್ರ. ಶೇ. 16ರಷ್ಟು ಫೈಬರ್ ನಡುದಾರಿಯಲ್ಲೇ ಅಂಚಿಗೆ ಬಂದು ಮುಗಿಯುತ್ತದೆ, ಅಲ್ಲಿಂದಲೇ ಉದ್ದ ಸೀಳು ಹೊರಡುತ್ತದೆ. ಮುರಿದ ನಂತರ ಎದುರುಬದುರು ಮೂಲೆಗಳಲ್ಲಿ ತೆಳುವಾದ ಕಡ್ಡಿಗಳು ಕಳಚಿ ಬಿದ್ದಿದ್ದರೆ ಇದೇ ಕಾರಣ ಎಂದು ಅನುಮಾನಿಸಿ.

ನಿಜವಾದ 0° ತಿಳಿಯಲು ಸಲಕರಣೆ ಏನೂ ಬೇಡ. ಟ್ಯಾಬ್ ಅಂಟಿಸುವ ಮೊದಲೇ, ಪ್ಯಾನೆಲ್‌ನ ಅಂಚಿನಲ್ಲಿ, ಫೈಬರ್ ಮುಗಿಯುವ ಬದಿಯಿಂದ ಗರಗಸದ ಸಣ್ಣ ಕಚ್ಚು ಹಾಕಿ, ಅಂಚಿನ ಪಟ್ಟಿಯನ್ನು ಕೈಯಿಂದ ಬಗ್ಗಿಸಿ ಸೀಳಿ. ಸೀಳು ಫೈಬರ್ ಹಿಡಿದೇ ಓಡುತ್ತದೆ. ಆ ಸೀಳಿದ ಅಂಚೇ ನಿಮ್ಮ ಆಧಾರ ರೇಖೆ. ಟ್ಯಾಬ್ ಪಟ್ಟಿಗಳನ್ನು ಅದಕ್ಕೆ ಲಂಬವಾಗಿ ಕೂರಿಸಿ, ಕತ್ತರಿಸುವಾಗ ಮೇಜಿನ ತಡೆಪಟ್ಟಿಗೆ ಅದನ್ನೇ ಒತ್ತಿ ಹಿಡಿಯಿರಿ. ಕೈಗವಸು ಮರೆಯಬೇಡಿ, ಆ ಸಿಬಿರು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ. ಪ್ಯಾನೆಲ್‌ನ ಸುತ್ತಲೂ 20–25 ಮಿ.ಮೀ. ಬಿಟ್ಟುಬಿಡಿ, ಅಂಚಿನಲ್ಲಿ ರೆಸಿನ್ ಹರಿದು ದಪ್ಪ ಕಡಿಮೆಯಾಗಿರುತ್ತದೆ.

ಕತ್ತರಿಸಲು ನೀರು ಹರಿಯುವ ಡೈಮಂಡ್ ಚಕ್ರ. ಹಲ್ಲಿನ ಗರಗಸ ಪದರಗಳನ್ನು ಎಬ್ಬಿಸುತ್ತದೆ. 0.3 ಮಿ.ಮೀ.ನಷ್ಟು ಅಗಲ ಹೆಚ್ಚು ಬಿಟ್ಟು ಕತ್ತರಿಸಿ, 400ರಿಂದ 600 ನಂಬರ್ ನೀರು ಕಾಗದದಲ್ಲಿ ಉದ್ದಕ್ಕೆ ಉಜ್ಜಿ ಅಳತೆಗೆ ತನ್ನಿ. ಅಡ್ಡಕ್ಕೆ ಉಜ್ಜಿದ ಗೀರು ಅಂಚಿನ ಫೈಬರ್ ಕಡಿಯುತ್ತದೆ.

ಬಾಗುವಿಕೆಯನ್ನೂ ನೋಡಿಕೊಳ್ಳಿ. ಮುಂದಿನ ಟ್ಯಾಬ್ ಹಿಂದಿನದಕ್ಕಿಂತ 0.1 ಮಿ.ಮೀ. ದಪ್ಪವಾಗಿದ್ದರೆ ಸ್ಪೆಸಿಮೆನ್‌ನ ನಡುರೇಖೆ ಲೋಡ್ ರೇಖೆಯಿಂದ 0.05 ಮಿ.ಮೀ. ಸರಿಯುತ್ತದೆ. 1 ಮಿ.ಮೀ. ದಪ್ಪಕ್ಕೆ 6 × 0.05 ÷ 1, ಅಂದರೆ ಮೇಲ್ಮೈ ಸ್ಟ್ರೇನ್‌ನಲ್ಲಿ ಶೇ. 30ರವರೆಗೂ ವ್ಯತ್ಯಾಸ! ಗ್ರಿಪ್‌ನ ಬಿಗಿತದಿಂದ ಮತ್ತು ಎಳೆದಾಗ ಸ್ಪೆಸಿಮೆನ್ ನೇರವಾಗುವುದರಿಂದ ಇದು ಸಾಕಷ್ಟು ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂಟಿಸಿದ ಮೇಲೆ ನಾಲ್ಕೂ ಟ್ಯಾಬ್‌ನ ದಪ್ಪ ಅಳೆದು ಬರೆದಿಡಿ.

ಪದರ16 ಕೇಳಿದ್ದು:

ತುಂಬ ಉಪಕಾರವಾಯಿತು. 8 ಪದರದ ಪ್ಯಾನೆಲ್ ಹಾಕುತ್ತೇನೆ. ಇನ್ನೆರಡು ಸಂದೇಹ. ಗ್ರಿಪ್ ಒತ್ತಡ ಎಷ್ಟಿಡಬೇಕು? ಬಾಗುವಿಕೆ ಅಳೆಯಲು ಸ್ಟ್ರೇನ್ ಗೇಜ್ (ಹಿಗ್ಗುವಿಕೆ ಅಳೆಯುವ ಸಣ್ಣ ಪಟ್ಟಿ) ಎಲ್ಲಿ ಅಂಟಿಸಬೇಕು? 90° ಮತ್ತು ಕ್ವಾಸಿ ಬಗ್ಗೆಯೂ ದಯವಿಟ್ಟು ತಿಳಿಸಿ.

ಗೇಜ್350 ಉತ್ತರಿಸಿದ್ದು:

ಗ್ರಿಪ್: ಜಾ ಮತ್ತು ಟ್ಯಾಬ್ ನಡುವಿನ ಘರ್ಷಣಾಂಕ 0.3 ಎಂದಿಟ್ಟುಕೊಂಡರೆ, 38 ಕಿಲೋನ್ಯೂಟನ್ ಎಳೆಯಲು ಒಂದೊಂದು ಮುಖದ ಮೇಲೆ 38 ÷ (2 × 0.3), ಸುಮಾರು 64 ಕಿಲೋನ್ಯೂಟನ್ ಒತ್ತು ಬೇಕು. 56 × 15 ಟ್ಯಾಬ್ ಮೇಲೆ ಅದು 76 ಮೆಗಾಪಾಸ್ಕಲ್. ನಿಮ್ಮ ಹೈಡ್ರಾಲಿಕ್ ಒತ್ತಡವನ್ನು ಗ್ರಿಪ್‌ನ ಪಟ್ಟಿ ನೋಡಿ ಇದಕ್ಕೆ ಹೊಂದಿಸಿ, ಅಲ್ಲಿಂದ ಜಾರದಿರುವಷ್ಟೇ ಮೇಲೇರಿಸಿ. ಜಾರಿದರೆ ಲೋಡ್ ರೇಖೆಯಲ್ಲಿ ಗರಗಸದ ಹಲ್ಲಿನಂಥ ಏರಿಳಿತ ಕಾಣುತ್ತದೆ, ಟ್ಯಾಬ್ ಮೇಲೆ ಎಳೆದ ಗೀರುಗಳಿರುತ್ತವೆ. ಹೆಚ್ಚಾದರೆ ಮುರಿತ ಟ್ಯಾಬ್ ಒಳಗೆ, ಜಾ ಶುರುವಾಗುವ ಗೆರೆಯಲ್ಲಿ. ಜಾ ಮೇಲಿನ ಹಲ್ಲು ಸಣ್ಣದಿರಲಿ.

ಗೇಜ್: ಮೂರು ಬೇಕು. ಮುಂದಿನ ಮುಖದ ನಡು ಎತ್ತರದಲ್ಲಿ ಎರಡು, ಎಡ–ಬಲ ಅಂಚಿನ ಹತ್ತಿರ ಒಂದೊಂದು. ಹಿಂದಿನ ಮುಖದ ಸರಿನಡುವೆ ಮೂರನೆಯದು. ಮುಂದಿನ ಎರಡರ ಸರಾಸರಿಗೂ ಹಿಂದಿನದಕ್ಕೂ ಇರುವ ವ್ಯತ್ಯಾಸ ದಪ್ಪದ ದಿಕ್ಕಿನ ಬಾಗುವಿಕೆ ತೋರಿಸುತ್ತದೆ, ಮುಂದಿನ ಎರಡರ ನಡುವಿನ ವ್ಯತ್ಯಾಸ ಅಗಲದ ದಿಕ್ಕಿನದು. 1000 ಮೈಕ್ರೋಸ್ಟ್ರೇನ್ (ಶೇ. 0.1) ದಾಟಿದ ಮೇಲೆ ಬಾಗುವಿಕೆ ಶೇ. 3ರಿಂದ 5ರ ಒಳಗಿದ್ದರೆ ಒಳ್ಳೆಯ ಜೋಡಣೆ. ಹೆಚ್ಚು ಬಂದರೆ ಸ್ಪೆಸಿಮೆನ್ ತಿರುಗಿಸಿ ಹಾಕಿ: ಬಾಗುವಿಕೆಯೂ ಜೊತೆಗೇ ತಿರುಗಿದರೆ ದೋಷ ಸ್ಪೆಸಿಮೆನ್‌ನದು, ಯಂತ್ರದ ಕಡೆಗೇ ಉಳಿದರೆ ಗ್ರಿಪ್ ಜೋಡಣೆಯದು. 6 ಮಿ.ಮೀ. ಉದ್ದದ, 350 ಓಮ್ ಗೇಜ್ ತೆಗೆದುಕೊಳ್ಳಿ. ಕಾಂಪೊಸಿಟ್ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ. 120 ಓಮ್ ಗೇಜ್‌ಗೆ ಹೆಚ್ಚು ವೋಲ್ಟೇಜ್ ಕೊಟ್ಟರೆ ಅದು ತಾನೇ ಕಾದು ರೀಡಿಂಗ್ ಸರಿಯುತ್ತಾ ಹೋಗುತ್ತದೆ. ನೇಯ್ದ ಬಟ್ಟೆಯಾದರೆ ಗೇಜ್ ಉದ್ದ ನೇಯ್ಗೆಯ ಒಂದು ಪೂರ್ತಿ ಆವರ್ತನೆಗಿಂತ ಕಡಿಮೆ ಇರಬಾರದು.

ಮಾಡ್ಯುಲಸ್ ತೆಗೆಯುವುದು 1000ರಿಂದ 3000 ಮೈಕ್ರೋಸ್ಟ್ರೇನ್ ನಡುವಿನ ಇಳಿಜಾರಿನಿಂದ. ಕ್ರಾಸ್‌ಹೆಡ್ (ಯಂತ್ರದ ಚಲಿಸುವ ಅಡ್ಡತೊಲೆ) ಚಲನೆಯಿಂದ ಎಂದೂ ತೆಗೆಯಬೇಡಿ. ಗ್ರಿಪ್, ಅಂಟು, ಯಂತ್ರ ಎಲ್ಲದರ ಸಡಿಲ ಅದರಲ್ಲಿ ಸೇರಿರುತ್ತದೆ. ದಪ್ಪ ಅಳೆಯುವ ಮೈಕ್ರೋಮೀಟರ್ ಶೇ. 1ರೊಳಗೆ ಇರಬೇಕು, ಅಂದರೆ ಇಲ್ಲಿ 0.01 ಮಿ.ಮೀ. ಒರಟು ಮುಖಕ್ಕೆ ಗುಂಡು ತುದಿಯದು, ಕತ್ತರಿಸಿದ ಅಂಚಿಗೆ ಚಪ್ಪಟೆ ತುದಿಯದು. ಮೂರು ಜಾಗದ ಸರಾಸರಿ ಹಿಡಿಯಿರಿ. ಫೈಬರ್ ಪ್ರಮಾಣವನ್ನೂ ಅಳೆದು ವರದಿಯಲ್ಲಿ ಕೊಡಿ: ರೆಸಿನ್ ಹೆಚ್ಚಿದ್ದು ದಪ್ಪ ಶೇ. 5 ಏರಿದರೆ ಸ್ಟ್ರೆಂತ್ ಸಂಖ್ಯೆ ಅಷ್ಟೇ ಇಳಿಯುತ್ತದೆ, ಹೊರುವ ಲೋಡ್ ಮಾತ್ರ ಬದಲಾಗಿರುವುದಿಲ್ಲ.

90°: 25 ಅಗಲ, 175 ಉದ್ದ, 2 ದಪ್ಪ. ಸ್ಟ್ರೆಂತ್ 70 ಮೆಗಾಪಾಸ್ಕಲ್ ಸುತ್ತ ಎಂದುಕೊಂಡರೆ ಲೋಡ್ ಬರೀ 3.5 ಕಿಲೋನ್ಯೂಟನ್. 100 ಕಿಲೋನ್ಯೂಟನ್ ಲೋಡ್ ಸೆಲ್‌ನಲ್ಲಿ ಅಳೆಯಬೇಡಿ, 5 ಅಥವಾ 10ರದು ಹಾಕಿ. ಟ್ಯಾಬ್ ಹಾಕಿದರೆ 25 ಮಿ.ಮೀ. ಸಾಕು, ಎಮೆರಿ ಬಟ್ಟೆ ಮಡಿಸಿ ಹಿಡಿದರೂ ನಡೆಯುತ್ತದೆ, ಹರಳು ಸ್ಪೆಸಿಮೆನ್ ಕಡೆಗೆ. ಇಲ್ಲಿ ಅಂಚಿನ ಒಂದು ಗೀರು ಇಡೀ ಫಲಿತಾಂಶ ಕೆಡಿಸುತ್ತದೆ, ನುಣುಪು ಕಾಗದದಲ್ಲಿ ಮುಗಿಸಿ. ಎರಡನೆಯ ಗ್ರಿಪ್ ಮುಚ್ಚುವಾಗಲೇ ಸ್ಪೆಸಿಮೆನ್ ಮುರಿಯಬಹುದು, ಆದ್ದರಿಂದ ಆಗ ಯಂತ್ರವನ್ನು ಲೋಡ್ ಸೊನ್ನೆಯಲ್ಲಿ ಕಾಯುವ ಸ್ಥಿತಿಯಲ್ಲಿಡಿ. 6000 ಮೈಕ್ರೋಸ್ಟ್ರೇನ್‌ಗೂ ಮೊದಲೇ ಮುರಿದರೆ, ಮಾಡ್ಯುಲಸ್‌ಗೆ ಮುರಿಯುವ ಸ್ಟ್ರೇನ್‌ನ ಶೇ. 25ರಿಂದ 50ರ ಭಾಗ ಬಳಸಿ.

ಕ್ವಾಸಿ: 25 × 250 × 2.5, ಟ್ಯಾಬ್ ಬೇಡ, ಎಮೆರಿ ಬಟ್ಟೆ ಸಾಕು. ಪದರಗಳ ಕ್ರಮ ಸಮ್ಮಿತಿಯಲ್ಲಿರಲಿ. ಒಂದೇ ಕೋನದ ಪದರಗಳನ್ನು ಒಟ್ಟಿಗೆ ಪೇರಿಸಿದರೆ ಅಂಚಿನಿಂದ ಪದರ ಬಿಡುವುದು ಬೇಗ ಶುರುವಾಗುತ್ತದೆ, ಹರಡಿ ಜೋಡಿಸಿ.

ಲೋಡ್‌ಸೆಲ್ ಉತ್ತರಿಸಿದ್ದು:

ಒಂದು ಸೇರಿಸುತ್ತೇನೆ. ಪ್ರತಿ ಸ್ಪೆಸಿಮೆನ್‌ನ ಮುರಿತವನ್ನು ಡಿ3039ರ ಮೂರಕ್ಷರದ ಸಂಕೇತದಲ್ಲಿ ದಾಖಲಿಸಿ: ಮೊದಲಕ್ಷರ ಮುರಿತದ ಬಗೆ, ಎರಡನೆಯದು ಪ್ರದೇಶ, ಮೂರನೆಯದು ಸ್ಥಾನ. ಎಕ್ಸ್‌ಜಿಎಂ, ಅಂದರೆ ಗೇಜ್ ನಡುವಿನಲ್ಲಿ ಸಿಡಿದದ್ದು, ಯುಡಿ 0°ಯಲ್ಲಿ ನೀವು ಬಯಸುವುದು ಇದನ್ನೇ. ಎಸ್‌ಜಿಎಂ ಉದ್ದ ಸೀಳಿದ್ದು. ಹೆಚ್ಚು ಬಂದರೆ ಫೈಬರ್ ದಿಕ್ಕು ನೋಡಿ. ಎಲ್‌ಎಟಿ, ಮೇಲಿನ ಟ್ಯಾಬ್ ಅಂಚಿನಲ್ಲೇ ಅಡ್ಡ ಮುರಿದದ್ದು. ಇದು ಸಾಲಾಗಿ ಮೇಲಿನ ಕಡೆಯೇ ಬಂದರೆ ಮೇಲಿನ ಗ್ರಿಪ್ ಜೋಡಣೆ ಪರೀಕ್ಷಿಸಿ. ಕನಿಷ್ಠ ಐದು ಸ್ಪೆಸಿಮೆನ್ ಬೇಕು. ಟ್ಯಾಬ್‌ನಿಂದ ಒಂದು ಅಗಲದಷ್ಟು ದೂರದೊಳಗೆ ಗಣನೀಯ ಪಾಲು ಮುರಿದರೆ ಲೋಡ್ ಒಳಹೋಗುವ ದಾರಿಯನ್ನೇ ಮತ್ತೆ ನೋಡಬೇಕು. ಸಿಡಿಯುವಾಗ ಕಪ್ಪು ಚೂರು ಹಾರುತ್ತದೆ, ಪಾರದರ್ಶಕ ಕವಚ ಮುಚ್ಚಿಯೇ ಓಡಿಸಿ.

ಇಷ್ಟೆಲ್ಲ ಮಾಡಿಯೂ 0° ಟ್ಯಾಬ್ ಅಂಚಿನಲ್ಲೇ ಹೋದರೆ 0/90 ಲ್ಯಾಮಿನೇಟ್ ಮಾಡಿ, ಹೊರಗೆ 90° ಪದರ ಬರುವಂತೆ. ಗ್ರಿಪ್‌ನ ಕಚ್ಚುವಿಕೆಯನ್ನು ಹೊರ ಪದರ ತಾಳಿಕೊಳ್ಳುತ್ತದೆ, ಒಳಗಿನ 0° ಸುರಕ್ಷಿತ. ಎರಡೂ ಅರ್ಧರ್ಧ ಇದ್ದು, ಉದ್ದದ ಮಾಡ್ಯುಲಸ್ 135, ಅಡ್ಡದ್ದು 8.5 ಗಿಗಾಪಾಸ್ಕಲ್ ಎಂದುಕೊಂಡರೆ, ಲ್ಯಾಮಿನೇಟ್ ಸ್ಟ್ರೆಂತನ್ನು 135 ÷ 71.75, ಸುಮಾರು 1.88ರಿಂದ ಗುಣಿಸಿದರೆ 0° ಸ್ಟ್ರೆಂತ್ ಸಿಗುತ್ತದೆ. ಈ ಲೆಕ್ಕದಲ್ಲಿ 2 ಮಿ.ಮೀ. ದಪ್ಪವಿದ್ದರೂ ಬೇಕಾಗುವ ಟ್ಯಾಬ್ 54 ಮಿ.ಮೀ. ಮಾತ್ರ. ವರದಿಯಲ್ಲಿ ಮಾತ್ರ ಇದು ಲೆಕ್ಕಹಾಕಿ ಪಡೆದ ಸಂಖ್ಯೆ ಎಂದು ಸ್ಪಷ್ಟವಾಗಿ ಬರೆಯಿರಿ.

ಪದರ16 ಕೇಳಿದ್ದು:

ಮಾಡಿಟ್ಟ 16 ಪದರದ ಪ್ಯಾನೆಲ್ ಇನ್ನೂ ಅರ್ಧ ಉಳಿದಿದೆ. ಅದನ್ನು ಏನು ಮಾಡಲಿ?

ಗೇಜ್350 ಉತ್ತರಿಸಿದ್ದು:

ಅದು ಯುಡಿ, 2 ಮಿ.ಮೀ. ದಪ್ಪ. 90° ಸ್ಪೆಸಿಮೆನ್‌ಗೆ ಬೇಕಾದ ದಪ್ಪವೇ ಅದು. ಫೈಬರ್‌ಗೆ ಅಡ್ಡಲಾಗಿ 175 ಮಿ.ಮೀ. ಸಿಗುತ್ತದೆಯೇ ಅಳೆದು ನೋಡಿ. ಸಿಕ್ಕರೆ ಕೈಯಿಂದ ಸೀಳಿದ ಅಂಚಿಗೆ ಲಂಬವಾಗಿ 25 ಮಿ.ಮೀ. ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಸಾಗಿಸುವಾಗ ಚಪ್ಪಟೆ ಹಲಗೆಯ ಮೇಲಿಟ್ಟು ಒಯ್ಯಿರಿ, ಒಂದು ತುದಿ ಹಿಡಿದು ಎತ್ತಿದರೆ ಮುರಿದುಬಿಡಬಹುದು.